ಎಡಗಡೆಯ ಬೆಳಕು

ಶ್ರಾವಣದ ಎರಡನೆಯ ಮಂಗಳವಾರ ಬೆಳಿಗ್ಗೆ ಆರು ಹತ್ತಕ್ಕೆ ಮೀನಾಕ್ಷಮ್ಮನಿಗೆ ಬೆಳಕು ಕಂಡಿತು. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು, ಮದುವೆಯಾದಂದಿನಿಂದ ಮೂವತ್ತೆಂಟು ವರ್ಷ ನೋಡಿದ ಹಾಗೆಯೇ ಅವತ್ತೂ ನೋಡುತ್ತ ಕೂತಿದ್ದಳು. ಮನಸ್ಸು ಹೆಸರುಬೇಳೆ ನೆನೆಹಾಕಿದೆನೋ ಇಲ್ಲವೋ ಎಂಬಲ್ಲಿತ್ತು. ಆಗ ಹೆಬ್ಬೆರಳಿನ ಆಚೆ, ಎಡಗಡೆಗೆ, ಸಾಸಿವೆಯಷ್ಟು ಹಸಿರು ಹುಟ್ಟಿತು. ಅದು ಹಳದಿಯಾಯಿತು, ಎರಡಾಯಿತು, ಹತ್ತಾಯಿತು, ಒಂದರ ಸುತ್ತ ಒಂದು ತಿರುಗುತ್ತ ಅಂಗೈಯ ಅಂಚನ್ನೂ ಅದರಾಚೆಯ ಗೋಡೆಯನ್ನೂ ಮುಚ್ಚಿಬಿಟ್ಟಿತು. ಭಕ್ತಿ ಉಕ್ಕಬೇಕಿತ್ತು, ಕಣ್ಣು ತುಂಬಬೇಕಿತ್ತು. ಅವಳಿಗೆ ಬಂದದ್ದು ಇದು ಎಷ್ಟು ಹೊತ್ತು ಇರುತ್ತದೆ ಎಂಬ ಪ್ರಶ್ನೆ. ಹನುಮಂತನಗರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟವಳು, ಆ ಅಭ್ಯಾಸ ಎಲ್ಲಿ ಹೋಗುತ್ತದೆ. ತಲೆಯೆತ್ತಿ ಗಡಿಯಾರ ನೋಡಿದಳು. ಎರಡೂವರೆ ನಿಮಿಷ ಇದ್ದು ಅದು ಹೋಯಿತು.

ಬಲಗಡೆಯ ಮಣೆಯ ಮೇಲೆ ಗಂಡ ಗುರುಬಸಪ್ಪನವರು ಕೂತಿದ್ದರು. ಹಣೆಯ ಮೂರು ಗೆರೆ ವಿಭೂತಿ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಮುಖದಲ್ಲಿ ತಲುಪಬೇಕಾದಲ್ಲಿಗೆ ತಲುಪಿದವರ ನೆಮ್ಮದಿ. ಅವರಿಗೆ ಬೆಳಕು ಕಾಣತೊಡಗಿ ಎಷ್ಟೋ ಕಾಲವಾಗಿತ್ತು; ಮದುವೆಯಾಗಿ ಬಂದ ವಾರದಲ್ಲೇ ಅದನ್ನು ಅವಳಿಗೆ ಹೇಳಿದ್ದರು. ಅವತ್ತಿನಿಂದ ಪೂಜೆ ಮುಗಿದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಡುತ್ತ ದಿನಾ ಒಂದೇ ಮಾತು ಕೇಳುತ್ತಿದ್ದರು: "ಇವತ್ತು?" ಅವಳು "ಇಲ್ಲ" ಎನ್ನುತ್ತಿದ್ದಳು. ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ಭಾನುವಾರ ಭಾನುವಾರ ನಡುಮನೆಯಲ್ಲಿ ಗೋಷ್ಠಿ ಶುರುವಾಯಿತು. ಹತ್ತು ಹನ್ನೆರಡು ಜನ ಬರುತ್ತಿದ್ದರು, ಇವರು ತಮ್ಮ ಬೆಳಕಿನ ಬಗ್ಗೆ ಮೆಲುದನಿಯಲ್ಲಿ ಹೇಳುತ್ತಿದ್ದರು, ಅವಳು ಅಡುಗೆಮನೆಯಲ್ಲಿ ಉಪ್ಪಿಟ್ಟಿನ ರವೆ ಹುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಯಾರಾದರೂ, ಅಮ್ಮನವರಿಗೂ ಕಂಡಿದೆಯಾ ಸಾರ್ ಎಂದರೆ, "ಅವಳಿಗೆ ಲಿಂಗದಲ್ಲೂ ಒಗ್ಗರಣೆನೇ ಕಾಣೋದು" ಎಂದು ನಗಿಸುತ್ತಿದ್ದರು. ತಟ್ಟೆ ಹಿಡಿದು ಬಂದವಳು ತಾನೂ ನಗುತ್ತಿದ್ದಳು. ಆ ನಗುವನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

"ಇವತ್ತು?" ಎಂದರು ಗುರುಬಸಪ್ಪ. "ಇಲ್ಲ" ಎಂದಳು. ಯಾಕೆ ಸುಳ್ಳು ಹೇಳಿದೆ ಎಂದು ಕಾಫಿಗೆ ನೀರಿಡುವಾಗ ಯೋಚಿಸಿದಳು. ಪ್ರಯೋಗ ಮಾಡುವ ಮೊದಲೇ ಉತ್ತರ ಬರೆದುಕೊಂಡು ಬರುತ್ತಿದ್ದ ಹುಡುಗರ ರೆಕಾರ್ಡಿನ ಹಾಳೆ ಹರಿದವಳು ತಾನು. ಒಂದು ಸಲ ಕಂಡದ್ದು ಕಂಡದ್ದಲ್ಲ, ಮೂರು ಸಲವಾದರೂ ಬೇಕು. ಹಾಗಂದುಕೊಂಡು ಎರಡು ಲೋಟ ನೀರು ಕುಡಿದಳು. ಈಚೆಗೆ ವಿಪರೀತ ಬಾಯಾರಿಕೆ. ಶ್ರಾವಣದ ವ್ರತ ಹಿಡಿದ ದಿನವೇ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಳು, ಒಪ್ಪೊತ್ತಿನ ಊಟಕ್ಕೆ ಅದು ಹೊಟ್ಟೆ ತೊಳಸುತ್ತಿತ್ತು. ಒಂದು ಹೊತ್ತು ಊಟ, ಉಳಿದಂತೆ ಪ್ರಸಾದ: ಬೆಳಿಗ್ಗೆ ಎರಡು ಬಾಳೆಹಣ್ಣು, ಬೊಗಸೆ ಕಲ್ಲುಸಕ್ಕರೆ, ಜೇನು ಹಾಕಿದ ಹಾಲು, ಸಂಜೆ ಮತ್ತೆ ಅಷ್ಟೇ. ಸಿಹಿ ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದಳು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವಳ ಮನೆಯಲ್ಲಿ ಪ್ರಸಾದವನ್ನು ಯಾರೂ ತಿನ್ನುತ್ತಿರಲಿಲ್ಲ, ತೆಗೆದುಕೊಳ್ಳುತ್ತಿದ್ದರು.

ಬುಧವಾರ ಬೆಳಕು ಎರಡು ಸಲ ಬಂತು. ಮೊದಲನೆಯ ಸಲ ಪೂಜೆಯಲ್ಲಿ. ಅವಳು ಬಲಗಣ್ಣು ಮುಚ್ಚಿ ನೋಡಿದಳು, ಇತ್ತು. ಎಡಗಣ್ಣು ಮುಚ್ಚಿದಳು, ಇತ್ತು. ಎರಡೂ ಮುಚ್ಚಿದಳು, ಆಗಲೂ ಇತ್ತು. ಅಂದರೆ ಹೊರಗಿನದಲ್ಲ, ಒಳಗಿನದೇ. ಇಷ್ಟಾದಾಗ ಹದಿನೇಳು ವರ್ಷದ ಹುಡುಗಿಯ ಹಾಗೆ ಒಳಗೇ ಕುಣಿದಳು. ಎಡಗಡೆಗೇ ಯಾಕೆ ಎಂಬುದಕ್ಕೂ ಅವಳ ಹತ್ತಿರ ಕಾರಣವಿತ್ತು, ಲಿಂಗ ಇರುವುದು ಎಡಗೈಯಲ್ಲಲ್ಲವೆ. ಎರಡನೆಯ ಸಲ ಬಂದಾಗ ಅವಳ ಕೈಯಲ್ಲಿ ಲಿಂಗವಿರಲಿಲ್ಲ. ಒಲೆಯ ಮುಂದೆ ನಿಂತಿದ್ದಳು, ಹಾಲು ಉಕ್ಕುವುದನ್ನು ಕಾಯುತ್ತಿದ್ದಳು, ಅದೇ ಹಸಿರು, ಅದೇ ಹಳದಿ, ಅದೇ ತಿರುಗಾಟ, ಪಾತ್ರೆಯ ಎಡಕ್ಕೆ. ಹಾಲು ಉಕ್ಕಿ ಒಲೆ ಆರಿದ್ದು ವಾಸನೆಯಿಂದ ಗೊತ್ತಾಯಿತು. ಹಾಲಿನ ಪಾತ್ರೆಯಲ್ಲೂ ಕಂಡರೆ ಲಿಂಗದ ಪಾತ್ರವೇನು? ಈ ಪ್ರಶ್ನೆ ಎದ್ದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತು, ಅದನ್ನು ಬದಿಗೆ ಸರಿಸಿದ್ದೂ ಗೊತ್ತು. ಬೇಡದ ಅಳತೆ ಬಂದಾಗ ಆ ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದ ಹುಡುಗರಿಗೂ ತನಗೂ ಈಗ ವ್ಯತ್ಯಾಸವಿಲ್ಲವೆಂದು ನಾಚಿಕೆಯಾಯಿತು. ಒಲೆ ಒರೆಸಿದಳು. ಎಡಗಡೆಯ ಬರ್ನರ್ ಒರೆಸದೆಯೇ ಉಳಿದದ್ದನ್ನು ಸಂಜೆ ಗುರುಬಸಪ್ಪನವರು ತೋರಿಸಿದರು.

ಗುರುವಾರ ಹೂವು ತರಲು ಐವತ್ತಡಿ ರಸ್ತೆಗೆ ಹೋದಳು. ನಿಂತಿದ್ದ ಬಸ್ಸಿನ ಹಣೆಯ ಮೇಲೆ ಶಂಕರಿ ಎಂದಿತ್ತು. ಇದೆಂಥ ಊರು ಎಂದು ಅವಳು ಕುತೂಹಲದಿಂದ ನೋಡುತ್ತಿದ್ದಾಗ ಬಸ್ಸು ತಿರುಗಿತು, ಶಂಕರಿಯ ಹಿಂದೆ ಅಡಗಿದ್ದ ಬನ ಹೊರಗೆ ಬಂತು. ಓಹೋ ಎಂದುಕೊಂಡಳು. ಪೇಪರಿನಲ್ಲೂ ಬೆಳಿಗ್ಗೆಯಿಂದ ಸಾಲುಗಳ ತಲೆ ಹಾರಿಹೋಗಿದ್ದವು, ಕನ್ನಡಕದ ತಪ್ಪೆಂದು ತಿಳಿದಿದ್ದಳು. ಈ ಹೊಸ ಆಟದ ನಿಯಮವೇನೆಂದು ಯೋಚಿಸುತ್ತ ಎರಡು ಹೆಜ್ಜೆ ಇಟ್ಟಿದ್ದಳಷ್ಟೆ, ರೇಣವ್ವನ ಹೂವಿನ ಬುಟ್ಟಿಗೆ ಕಾಲು ತಗುಲಿ ಸೇವಂತಿಗೆಯೆಲ್ಲ ರಸ್ತೆಗೆ ಬಿತ್ತು. ರೇಣವ್ವ ಗದಗದ ಕಡೆಯವಳು, ಹತ್ತು ವರ್ಷದಿಂದ ಅದೇ ಮೂಲೆಯಲ್ಲಿ ಹೂವು ಮಾರುತ್ತಾಳೆ, ಭಾನುವಾರ ಗೋಷ್ಠಿಗೆ ಮನೆಗೇ ತಂದುಕೊಡುತ್ತಾಳೆ.

"ಯಾಕ್ರೀ ಟೀಚರ, ಇಷ್ಟ್ ದೊಡ್ಡ ಬುಟ್ಟಿ ಕಾಣ್ಲಿಲ್ಲೇನ್ರಿ?"

ಮೀನಾಕ್ಷಮ್ಮ ಅವಮಾನದಿಂದ ಕುಕ್ಕರುಗಾಲಲ್ಲಿ ಕೂತು ಹೂವು ಆರಿಸಿದಳು. ಸುತ್ತ ಜನ ನೋಡುತ್ತಿದ್ದರು, ಪಾಠ ಹೇಳಿಸಿಕೊಂಡವರೂ ಅವರಲ್ಲಿ ಇದ್ದಿರಬಹುದು. ಎಲ್ಲ ಆರಿಸಿ ಆಯಿತೆಂದು ಏಳುವಾಗ ರೇಣವ್ವ ಸೆರಗು ಹಿಡಿದಳು. "ಈ ಕಡೀವ್ನ ಯಾರ್ ಆರಸ್ತಾರ್ರಿ?" ತಿರುಗಿ ನೋಡಿದರೆ ಎಡಗಡೆ ಬಿದ್ದ ಅರ್ಧ ರಾಶಿ ಹಾಗೆಯೇ ಇತ್ತು. ರೇಣವ್ವ ನಗಲಿಲ್ಲ. "ನಿಮಗ ಸಕ್ಕರಿ ಬ್ಯಾನಿ ಐತಿ ಅಂತಿದ್ರಲ್ಲ. ಡಾಕ್ಟರಿಗೆ ತೋರಸ್ರಿ." ತೋರಿಸುತ್ತೇನೆ ಎಂದಳು, ತೋರಿಸುವುದಿಲ್ಲ ಎಂದು ಅದೇ ಉಸಿರಿನಲ್ಲಿ ತೀರ್ಮಾನಿಸಿದಳು. ಬಿಳಿ ಕೋಟಿನವರ ಮುಂದೆ ಬಾಯಿ ಬಿಟ್ಟರೆ ಇದಕ್ಕೊಂದು ಹೆಸರಿಡುತ್ತಾರೆ. ಹೆಸರಿಟ್ಟ ಕ್ಷಣದಿಂದ ಇದು ಅವಳದಾಗಿ ಉಳಿಯುವುದಿಲ್ಲ. ಮೂವತ್ತೆಂಟು ವರ್ಷಕ್ಕೆ ಒಂದು ಸಿಕ್ಕಿದೆ, ಅದಕ್ಕೆ ಬದಲು ಅರ್ಧ ಬುಟ್ಟಿ ಹೂವು, ಅರ್ಧ ಊರಿನ ಹೆಸರು ಹೋದರೆ ಹೋಗಲಿ. ಹೀಗೆ ಅಂದುಕೊಂಡದ್ದಕ್ಕೆ ಅವಳಿಗೇ ಸ್ವಲ್ಪ ಭಯವಾಯಿತು.

ಶುಕ್ರವಾರ ಗಂಡನಿಗೆ ಹೇಳಿದಳು. "ಇವತ್ತು?" ಎಂದರು, "ಹೂಂ" ಎಂದಳು. ಗುರುಬಸಪ್ಪನವರ ಕೈ ಕರಡಿಗೆಯ ಮುಚ್ಚಳದ ಮೇಲೆ ನಿಂತಿತು. ಸಂತೋಷಪಡುತ್ತಾರೆಂದು ಅವಳು ಕಾದಿದ್ದಳು, ಹೊಟ್ಟೆಕಿಚ್ಚು ಪಟ್ಟರೆ ಅದಕ್ಕೂ ಸಿದ್ಧಳಾಗಿದ್ದಳು, ಆ ಕಿಚ್ಚನ್ನು ಸವಿಯುವ ಸಣ್ಣತನವೂ ಅವಳಲ್ಲಿತ್ತು. ಆದರೆ ಅವರ ಮುಖದಲ್ಲಿ ಬಂದದ್ದು ಎರಡೂ ಅಲ್ಲ.

"ಏನು ಕಂಡ್ತು?"

"ಬೆಳಕು. ಮೊದಲು ಹಸಿರು, ಆಮೇಲೆ ಹಳದಿ. ಗುಂಡುಗುಂಡಗೆ ತಿರುಗುತ್ತೆ. ನಿಮಗೂ ಹಸಿರಿಂದಾನೇ ಶುರುವಾಗುತ್ತಾ?"

"ಬಣ್ಣ ಅಂತ ಹೇಳಕ್ಕಾಗಲ್ಲ."

"ಯಾವ ಕಡೆ ಬರುತ್ತೆ ನಿಮಗೆ?"

"ಕಡೆ ಅಂದ್ರೆ?"

"ಎಡಗಡೆನೋ ಬಲಗಡೆನೋ. ನನಗೆ ಯಾವಾಗ್ಲೂ ಎಡಗಡೆ."

"ನಡುವೆ," ಎಂದರು ಗುರುಬಸಪ್ಪ, ಸ್ವಲ್ಪ ತಡೆದು. "ಒಂಥರಾ ಎಲ್ಲಾ ಕಡೆ."

"ನಡುವೆನೋ, ಎಲ್ಲಾ ಕಡೆನೋ? ಕಣ್ಣು ಆಡಿಸಿದ್ರೆ ಜೊತೆಗೆ ಬರುತ್ತಾ? ಎಷ್ಟು ಹೊತ್ತು ಇರುತ್ತೆ? ನಾನು ನೋಡ್ದೆ, ಮೂರು ನಿಮಿಷ ದಾಟಲ್ಲ."

"ಅದನ್ನೆಲ್ಲ ಹಾಗೆ ಬಿಡಿಸಿ ಬಿಡಿಸಿ ನೋಡಬಾರದು ಮೀನಾಕ್ಷಿ. ಅದೇನು ನಿನ್ನ ಲ್ಯಾಬಾ?"

ಮೂವತ್ತೆಂಟು ವರ್ಷ ಒಂದೇ ದಾರಿಯಲ್ಲಿ ಓಡಾಡಿದವರು, ಆ ದಾರಿಗೆ ಹೊಸದಾಗಿ ಬಂದವಳ ಜೊತೆ ಎರಡು ಮಾತು ಆಡಬಾರದೆ? ಅವಳಿಗೆ ಹೆಚ್ಚೇನೂ ಬೇಕಿರಲಿಲ್ಲ. ನಿನಗೆ ಹೇಗೆ ಕಂಡಿತು, ಇನ್ನೊಂದು ಸಲ ಹೇಳು ಎಂದರೆ ಸಾಕಿತ್ತು. ಅವರು ಎದ್ದು ಪೇಪರ್ ಓದಲು ಹೋದರು. ಹಾಳೆ ಮಗುಚುವ ಸದ್ದು ಮಾತ್ರ ಬಹಳ ಹೊತ್ತು ಬರಲಿಲ್ಲ.

ಭಾನುವಾರದ ಗೋಷ್ಠಿಯಲ್ಲಿ ಅವರೇ ಅದನ್ನು ಎಲ್ಲರಿಗೂ ಹೇಳಿದರು. "ನಮ್ಮ ಮನೆಯವಳಿಗೂ ಆಯ್ತು," ಎಂದರು, ವರ್ಗಾವಣೆ ಆದೇಶ ಬಂದವರ ಹಾಗೆ. ಎಲ್ಲರಿಗಿಂತ ಹಿರಿಯರಾದ ಗಂಗಾಧರಯ್ಯನವರು ಎದ್ದು ನಿಂತು ಕೈಮುಗಿದರು. ಅವರ ಹೆಂಡತಿ ಎಡಗಡೆಯಿಂದ ಬಂದು ಮೀನಾಕ್ಷಮ್ಮನ ಪಾದಕ್ಕೆ ಬಾಗಿದರು. ಅವರಿದ್ದದ್ದೇ ಕಾಣದೆ ಮೀನಾಕ್ಷಮ್ಮ ಆ ಮುದುಕಿಯ ಬೆರಳುಗಳ ಮೇಲೆ ಕಾಲಿಟ್ಟಳು. "ಅಯ್ಯೋ, ಕ್ಷಮಿಸಿ" ಎಂದು ಇವಳು, "ಪಾದ ತಾಗಿದ್ದೇ ಪುಣ್ಯ ಬಿಡಿ" ಎಂದು ಅವರು. ಅವರ ಬೆರಳು ಕೆಂಪಗಾಗಿತ್ತು. ಆಮೇಲೆ ಎಲ್ಲರೂ ಸೇರಿ ಅವಳನ್ನು ನಡುವೆ ಮಣೆ ಹಾಕಿ ಕೂರಿಸಿದರು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅವರೆದುರು ನೋಡಬೇಕೆಂದರು. ಬೆಳಗಿನಿಂದ ಅವಳಿಗೆ ತಲೆ ಭಾರವಾಗಿತ್ತು, ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಆದರೂ ಕೂತಳು. ಇಷ್ಟು ಜನ ತನ್ನ ಮುಖ ನೋಡುತ್ತಿರುವುದು ಅವಳಿಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬೆಳಕು ಕರೆದಂತೆ ಬಂತು. ಹಸಿರು, ಹಳದಿ, ಆಮೇಲೆ ಹಿಂದೆಂದೂ ಇರದಿದ್ದ ಕೆಂಪು. ಮೂರು ನಿಮಿಷವಾಗಿರಬೇಕು, ಅದು ಹೋಗಲಿಲ್ಲ. ಕಣ್ಣುಗಳು ತಾವಾಗಿಯೇ ಎಡಕ್ಕೆ ಎಳೆದವು. ಹಿಂದಕ್ಕೆ ತರಲು ನೋಡಿದಳು, ಬರಲಿಲ್ಲ. ಆಮೇಲೆ ಕತ್ತು ಎಡಕ್ಕೆ ತಿರುಗಿತು, ಯಾರೋ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದಷ್ಟು ನಿಧಾನವಾಗಿ. ಅವಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಫ್ಯಾನಿನ ಕಿರಕಿರ, ಗಂಗಾಧರಯ್ಯನವರ ಕೆಮ್ಮು, "ಲೀನ ಆಗಿಬಿಟ್ರು" ಎಂದು ಯಾರೋ ಪಿಸುಗುಟ್ಟಿದ್ದು. ಓಂ ನಮಃ ಶಿವಾಯ ಶುರುವಾಯಿತು. ಒಬ್ಬರದು ಇಬ್ಬರದಾಗಿ, ಇಡೀ ನಡುಮನೆಯದಾಯಿತು. ನೀರು ಕೊಡಿ ಎಂದು ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಭಯದ ನಡುವೆಯೂ ಅವಳೊಳಗಿನ ಟೀಚರು ಸುಮ್ಮನಿರಲಿಲ್ಲ. ಕೆಂಪು ಯಾಕೆ ಸೇರಿತು, ಕತ್ತು ಯಾಕೆ ಬೆಳಕಿರುವ ಕಡೆಗೇ ಹೋಗುತ್ತದೆ ಎಂದು ಕೇಳುತ್ತಲೇ ಇದ್ದಳು. ಕಣ್ಣು ಎಡಕ್ಕೆ ನೆಟ್ಟಿದ್ದರಿಂದ ಅವಳೆದುರಿಗೆ ಸಿಕ್ಕವರು ಗೋಡೆಯ ಪಕ್ಕ ನಿಂತಿದ್ದ ಗುರುಬಸಪ್ಪನವರು. ಬೆಳಕಿನ ಅಂಚಿಗೆ ಹತ್ತಿ ಅವರ ಮುಖ ಅರ್ಧ ಕಾಣುತ್ತಿತ್ತು. ಅವರೊಬ್ಬರ ತುಟಿ ಮಾತ್ರ ಆಡುತ್ತಿರಲಿಲ್ಲ. ಓದದೆ ಪರೀಕ್ಷೆಗೆ ಬಂದ ಹುಡುಗ ಪ್ರಶ್ನೆಪತ್ರಿಕೆ ನೋಡುವ ಹಾಗೆ ಅವಳನ್ನು ನೋಡುತ್ತಿದ್ದರು. ಒಂದು ಹೆಜ್ಜೆ ಮುಂದಿಟ್ಟರು, ನಿಂತರು, ಸುತ್ತಲಿನವರ ಮುಖ ನೋಡಿದರು. ಆಮೇಲೆ ಅವರೂ ಕಣ್ಣು ಮುಚ್ಚಿ ಎಲ್ಲರ ಜೊತೆ ಹೇಳತೊಡಗಿದರು.

ನಿಲ್ಲಿಸಿದವಳು ರೇಣವ್ವ. ಹೂವು ಕೊಡಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಇದೇನ್ ಪೂಜಿ ಹಚ್ಚೀರಿ? ಇದು ಫಿಟ್ಸ್ ಐತ್ರಿ. ನಮ್ಮಣ್ಣಗ ಹಿಂಗ ಕತ್ತ ತಿರಗತಿತ್ತು. ಮೊದಲ ಆಕಿ ಕೈಯಾಗಿಂದ ತಗೀರಿ, ಮಲಗಸ್ರಿ." ಯಾರೂ ಅಲುಗಲಿಲ್ಲ. ಒಬ್ಬರ ಅಂಗೈಯಲ್ಲಿರುವ ಲಿಂಗವನ್ನು ಇನ್ನೊಬ್ಬರು ಮುಟ್ಟುವುದುಂಟೆ? ಗಂಗಾಧರಯ್ಯನವರು ಗುರುಬಸಪ್ಪನವರ ಕಡೆ ನೋಡಿದರು, ನೀವು ಹೇಳಬೇಕು ಎಂಬಂತೆ. ಮೀನಾಕ್ಷಮ್ಮನೂ ನೋಡುತ್ತಿದ್ದಳು. ಕೊನೆಗೆ ಗುರುಬಸಪ್ಪನವರೇ ಬಂದು ಅವಳ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನೆರೆದಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿದರು.

ಜಯನಗರದ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಐನೂರ ಮೂವತ್ತೆಂಟು ಇತ್ತು. ಇನ್ಸುಲಿನ್ ಏರಿಸಿದರು, ಬಾಟಲಿ ಬಾಟಲಿ ನೀರು ಏರಿಸಿದರು. ಮೆದುಳಿನ ಡಾಕ್ಟರು ತನ್ಮಯಿ ಎಂಬ ಹುಡುಗಿ, ತನ್ನ ಕೊನೆಯ ಬ್ಯಾಚಿನ ಮಕ್ಕಳಿಗಿಂತ ದೊಡ್ಡವಳೇನಲ್ಲ ಎನ್ನಿಸಿತು ಮೀನಾಕ್ಷಮ್ಮನಿಗೆ. ಸೋಮವಾರ ಮೀನಾಕ್ಷಮ್ಮನ ಮಾತು ಸರಿಯಾದ ಮೇಲೆ ತನ್ಮಯಿ ಕಾಗದ, ಪೆನ್ಸಿಲು ಕೊಟ್ಟು ಕಂಡದ್ದರ ಚಿತ್ರ ಬರೆದು ತೋರಿಸಿ ಎಂದಳು. ಮೀನಾಕ್ಷಮ್ಮ ಬರೆದಳು, ಬಾಣದ ಗುರುತು ಹಾಕಿದಳು, ಪಕ್ಕದಲ್ಲಿ ನಿಮಿಷ ಬರೆದಳು.

"ಇಷ್ಟು ನೀಟಾಗಿ ಯಾರೂ ಹೇಳಿಲ್ಲ ಮೇಡಂ," ಎಂದಳು ತನ್ಮಯಿ, ಮುಖಸ್ತುತಿಯಿಲ್ಲದೆ. "ನೋಡೋ ಕೆಲಸ ಮಾಡೋದು ತಲೆಯ ಹಿಂಭಾಗ. ಸಕ್ಕರೆ ಈ ಮಟ್ಟಕ್ಕೆ ಹೋದಾಗ ಒಬ್ಬೊಬ್ಬರಿಗೆ ಅಲ್ಲಿ ಫಿಟ್ಸ್ ಬರುತ್ತೆ. ನಿಮಗೆ ಬಂದಿರೋದು ಬಲಭಾಗದಲ್ಲಿ, ಅದಕ್ಕೇ ಎಡಗಡೆ ಬೆಳಕು. ಎಡಗಡೆ ಇರೋದು ಕಾಣದೆ ಹೋಗಿದ್ದೂ ಅದಕ್ಕೇ. ಸಕ್ಕರೆ ಇಳಿದ ಹಾಗೆ ಬೆಳಕು ನಿಲ್ಲುತ್ತೆ. ದೃಷ್ಟಿ ಪೂರ್ತಿ ವಾಪಸ್ ಬರುತ್ತಾ ಅಂತ ನಾಲ್ಕು ದಿನ ಕಾದು ನೋಡಬೇಕು."

"ಹಾಲು ನೋಡ್ತಾ ಇದ್ರೂ ಬರುತ್ತಲ್ವಾ?"

"ಏನು ನೋಡ್ತಾ ಇದ್ರೂ ಬರುತ್ತೆ."

ಖಾಲಿ ಬಿಟ್ಟಿದ್ದ ಜಾಗ ಭರ್ತಿಯಾಯಿತು. ದುಃಖವಾಗುತ್ತದೆ ಎಂದುಕೊಂಡಿದ್ದಳು, ಆಯಿತು ಕೂಡ, ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕತ್ತು ಚಾಚಿತು. "ಹಸಿರೇ ಯಾಕೆ ಮೊದಲು ಬರುತ್ತೆ?" ತನ್ಮಯಿ ಚಿತ್ರವನ್ನು ತಿರುಗಿಸಿ ನೋಡಿ, "ಗೊತ್ತಿಲ್ಲ ಮೇಡಂ" ಎಂದಳು. ಈ ಹುಡುಗಿ ಅವಳಿಗೆ ಬಹಳ ಹಿಡಿಸಿದಳು. ಮಂಗಳವಾರ ಬೆಳಕು ಒಂದು ಸಲ ಮಿಣುಕಿತು, ಬಣ್ಣವಿಲ್ಲದೆ. ಬುಧವಾರ ಬರಲಿಲ್ಲ. ಮಂಚದ ಮೇಲೆ ಕೂತು ಅವಳು ಬೆಳಕು ಬರುತ್ತಿದ್ದ ಆ ಜಾಗವನ್ನೇ ನೋಡುತ್ತಿದ್ದಳು, ಅಲ್ಲಿ ನಿಧಾನವಾಗಿ ಕಿಟಕಿಯ ಅಂಚು, ಪರದೆ, ಪಕ್ಕದ ಮಂಚದ ಕಾಲು ಮೂಡುತ್ತಿದ್ದವು. ಮೂಡಿದ ಒಂದೊಂದಕ್ಕೂ ಖುಷಿಪಡಬೇಕು ಎಂದು ಗೊತ್ತಿತ್ತು. ಆದರೂ ಆ ಹಸಿರು ಚುಕ್ಕಿ ಇನ್ನೊಂದು ಸಲ ಬಂದು ಹೋಗಬಾರದೆ ಎಂದು ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಬಂದರೆ ಇನ್ಸುಲಿನ್ ಏರಿಸುತ್ತಾರೆ ಎಂದು ತಾನೇ ಅದನ್ನು ಗದರಿದಳು.

ಗುರುವಾರ ತನ್ಮಯಿ ಬಂದಾಗ ಗುರುಬಸಪ್ಪನವರು ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು. ಹಣೆಯ ವಿಭೂತಿ ಸೊಟ್ಟಗಿತ್ತು.

"ಸಾರ್, ಒಂದು ವಿಷಯ ಬರ್ಕೋಬೇಕು. ಭಾನುವಾರ ಕತ್ತು ತಿರುಗಿದ್ದು ಎಷ್ಟು ಹೊತ್ತು ಇತ್ತು?"

"ಇಪ್ಪತ್ತು ನಿಮಿಷ," ಎಂದರು. ಸಿಪ್ಪೆಯನ್ನು ನೋಡುತ್ತ, "ಇಪ್ಪತ್ತೈದು ಇರಬಹುದು," ಎಂದರು.

"ಇಪ್ಪತ್ತೈದು ನಿಮಿಷ ಏನು ಮಾಡ್ತಿದ್ರಿ?"

"ನಾಮ ಹೇಳ್ತಾ ಇದ್ವಿ."

ತನ್ಮಯಿ ಬರೆಯುವುದನ್ನು ನಿಲ್ಲಿಸಿದಳು. "ಅಷ್ಟು ಜನ ಇದ್ರಲ್ಲ. ಇದು ಸರಿಯಿಲ್ಲ ಅಂತ ನಿಮಗೆ ಒಬ್ಬರಿಗೂ ಅನ್ನಿಸ್ಲಿಲ್ವಾ?"

"ನನಗೆ ಅನ್ನಿಸ್ತು."

"ಮತ್ತೆ ಯಾಕೆ ತಡೀಲಿಲ್ಲ?"

ಮೂಸಂಬಿಯ ರಸ ಅವರ ಮುಂಗೈಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅದು ಹೇಗಿರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಡಾಕ್ಟರೇ," ಎಂದರು. "ಗೊತ್ತಿದ್ದಿದ್ರೆ, ಇದು ಅದಲ್ಲ ಅಂತ ಹೇಳ್ತಿದ್ದೆ."

"ಫಿಟ್ಸ್ ನೋಡದೇ ಇರೋರಿಗೆ ಗೊತ್ತಾಗಲ್ಲ ಬಿಡಿ," ಎಂದು ತನ್ಮಯಿ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ಅವಳಿಗೆ ಅಷ್ಟೇ ಕೇಳಿಸಿತ್ತು.

ಮೀನಾಕ್ಷಮ್ಮನಿಗೆ ಕಿವಿ ಬಿಸಿಯಾಯಿತು. ಮೂವತ್ತೆಂಟು ವರ್ಷದ ಬೆಳಗುಗಳು ಒಟ್ಟಿಗೆ ಬಂದು ಮಂಚದ ಸುತ್ತ ನಿಂತವು. ಹೆರಿಗೆಯಾದ ವಾರದಲ್ಲಿ, ಜ್ವರದಲ್ಲಿ, ಪರೀಕ್ಷೆಯ ಪೇಪರು ತಿದ್ದಿ ಕಣ್ಣು ಉರಿಯುವಾಗಲೂ ಕೂತು, ತನ್ನ ಮನಸ್ಸು ಕೊಳಕು, ತನ್ನ ಭಕ್ತಿ ಟೊಳ್ಳು ಎಂದು ತನ್ನನ್ನೇ ಬೈದುಕೊಂಡ ಬೆಳಗುಗಳು. ಇಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ.

"ಯಾವತ್ತೂ ಕಂಡಿಲ್ವಾ?"

"ಯಾವತ್ತೂ ಇಲ್ಲ. ನಮ್ಮಪ್ಪ ಕಾಣುತ್ತೆ ಅಂತಿದ್ರು, ನನಗೂ ಕಾಣುತ್ತೆ ಅಂದೆ. ಆಮೇಲೆ ಬಿಡೋಕಾಗ್ಲಿಲ್ಲ."

"ಮತ್ತೆ ದಿನಾ ಅಷ್ಟು ಹೊತ್ತು ಏನು ನೋಡ್ತಾ ಕೂತಿರ್ತಿದ್ರಿ?"

ಗುರುಬಸಪ್ಪನವರು ತಲೆಯೆತ್ತಲಿಲ್ಲ. "ನಿನ್ನನ್ನ. ವಾರೆಗಣ್ಣಲ್ಲಿ. ಇವತ್ತು ಇವಳಿಗೆ ಕಂಡುಬಿಡುತ್ತೇನೋ, ಕಂಡ್ರೆ ಹೇಗಿತ್ತು ಅಂತ ಕೇಳ್ತಾಳೇನೋ ಅಂತ ದಿನಾ ಭಯ. ನೀನು ಇಲ್ಲ ಅಂದ್ಮೇಲೆ ಕಾಫಿ ಗಂಟಲಲ್ಲಿ ಇಳಿಯೋದು."

ಒಂದೇ ಕೋಣೆಯಲ್ಲಿ, ಮೊಳದಷ್ಟು ದೂರದಲ್ಲಿ, ಇಬ್ಬರೂ ಅಂಗೈಯ ಕಪ್ಪು ಕಲ್ಲು ಹಿಡಿದು ಒಬ್ಬರಿಗೊಬ್ಬರು ಹೆದರಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಸಿಟ್ಟು ಇಳಿದಿರಲಿಲ್ಲ, ಇಳಿಯಲು ಬಹಳ ದಿನ ಬೇಕಾಗುತ್ತದೆ ಎಂದೂ ಗೊತ್ತಿತ್ತು. ಆದರೆ ಅದರ ಪಕ್ಕದಲ್ಲೇ ಕುತೂಹಲವೊಂದು ಬಂದು ಕೂತಿತು. ಈ ಮನುಷ್ಯ ಯಾರು?

"ಮೀನಾಕ್ಷಿ," ಎಂದರು ಅವರು. "ನಿನಗೆ ಕಂಡದ್ದು ಹೇಗಿತ್ತು, ಇನ್ನೊಂದು ಸಲ ಹೇಳು."

ಅವಳು ತಕ್ಷಣ ಹೇಳಲಿಲ್ಲ. "ಆ ಸ್ಟೂಲು ಬಿಡಿ. ಈ ಕಡೆ ಬನ್ನಿ," ಎಂದು ಎಡಗಡೆಗೆ ಕೈ ತೋರಿಸಿದಳು. ಗುರುಬಸಪ್ಪನವರು ಮಂಚ ಸುತ್ತಿಕೊಂಡು ಹೋದರು. ಅವಳು ಕತ್ತು ತಿರುಗಿಸಲಿಲ್ಲ, ಎದುರಿನ ಗೋಡೆಯ ಮೇಲಿನ ಸ್ವಿಚ್ಚಿನಲ್ಲಿ ಕಣ್ಣು ನೆಟ್ಟು ಕಾದಳು. ಮೊದಲು ಮೂಸಂಬಿ ಹಿಡಿದ ಕೈ ಬಂತು, ಆಮೇಲೆ ಬಿಳಿ ಅಂಗಿಯ ತೋಳು, ಕುಗ್ಗಿದ ಹೆಗಲು, ಬೋಳಿಸದ ಗದ್ದ.

"ಕಾಣ್ತಾ ಇದೀನಾ?" ಎಂದರು ಅವರು, ಮೆಲ್ಲಗೆ.

"ಈಗ ಕಾಣ್ತಾ ಇದೀರಿ," ಎಂದಳು.